ಪಂಚಾಚಾರವೂ ಮನೆಯ ದೀಪದ ಬಾಕಿಯೂ



ಸಂಜೆಯಾಯಿತೆಂದರೆ ಸದ್ಭಕ್ತನ ಮನೆಯಲ್ಲಿ ದೀಪ ಬೆಳಗುತ್ತದೆ. ಗೃಹಿಣಿಯು ದೀಪಕ್ಕೆ ಕೈಮುಗಿಯುತ್ತಾಳೆ, ಹಿರಿಯರು ವಿಭೂತಿಯನ್ನು ಧರಿಸಿ ಇಷ್ಟಲಿಂಗವನ್ನು ಕರಸ್ಥಲಕ್ಕೆ ತಂದುಕೊಳ್ಳುತ್ತಾರೆ, ಮಕ್ಕಳು ಪುಸ್ತಕ ಬಿಚ್ಚುತ್ತಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ಈ ದೀಪಕ್ಕೆ ಬೇಕಾದುದು ಎಣ್ಣೆ ಮತ್ತು ಬತ್ತಿ. ಎಣ್ಣೆ ತೀರಿದರೆ ನೆರೆಮನೆಯಿಂದ ಕಡ ತರುತ್ತಿದ್ದರು, ಸುಗ್ಗಿ ಬಂದಾಗ ತಿರುಗಿ ಕೊಡುತ್ತಿದ್ದರು. ಇಂದು ದೀಪಕ್ಕೆ ಎಣ್ಣೆಯು ತಂತಿಯ ಮೂಲಕ ಬರುತ್ತದೆ. ಶಿವನಸಮುದ್ರದಲ್ಲಿ 1902 ರಲ್ಲಿ ಉತ್ಪನ್ನವಾದ ವಿದ್ಯುತ್ತು ಮೊದಲು ಹೋದುದು ಕೋಲಾರದ ಚಿನ್ನದ ಗಣಿಗಳಿಗೆ. 1905 ರಲ್ಲಿ ಅದು ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು. ಬಡವನ ಗುಡಿಸಲಿನ ಬಾಗಿಲಿಗೆ ಬರಲು ಅದಕ್ಕೆ ಇನ್ನೂ ಹಲವು ದಶಕಗಳು ಹಿಡಿದವು. ಬಂದ ಮೇಲೆ ಅದರ ಬೆನ್ನ ಹಿಂದೆಯೇ ತಿಂಗಳಿಗೊಮ್ಮೆ ಒಂದು ಚೀಟಿಯೂ ಬರತೊಡಗಿತು. ಆ ಚೀಟಿಗೆ ನೆರೆಮನೆಯ ದಾಕ್ಷಿಣ್ಯವಿಲ್ಲ, ಸುಗ್ಗಿಯ ಲೆಕ್ಕವೂ ಇಲ್ಲ. ಅದರಲ್ಲಿ ಒಂದು ಮೊತ್ತವಿದೆ, ಒಂದು ಕೊನೆಯ ದಿನಾಂಕವಿದೆ.

ಆ ದಿನಾಂಕದೊಳಗೆ ಹಣ ಹೊಂದಿಸಲಾರದ ಮನೆಯ ಗತಿಯೇನು? ಇದು ವಿದ್ಯುತ್ ಕಚೇರಿಗೆ ಸೇರಿದ ವಿಷಯ, ಮಠದ ಪತ್ರಿಕೆಗೆ ಇದರಿಂದ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಶರಣರು ಧರ್ಮವನ್ನು ಗುಡಿಯೊಳಗೆ ಕೂಡಿಹಾಕಿದವರಲ್ಲ. ದುಡಿಮೆ, ಗಳಿಕೆ, ಸಾಲ, ದಾನ, ಊಟ ಇವೆಲ್ಲವೂ ಅವರಿಗೆ ಧರ್ಮದ ಕ್ಷೇತ್ರಗಳೇ ಆಗಿದ್ದವು. ಆದುದರಿಂದ ಈ ತಿಂಗಳ ಪಾಠದಲ್ಲಿ ಮನೆಯ ದೀಪದ ಬಾಕಿಯನ್ನು ಪಂಚಾಚಾರಗಳ ಬೆಳಕಿನಲ್ಲಿ ಪರಿಶೀಲಿಸೋಣ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ ಇವು ಐದು. ಇವುಗಳಲ್ಲಿ ಲಿಂಗಾಚಾರವು ಬೇರು, ಲಿಂಗನಿಷ್ಠೆಯಿಲ್ಲದೆ ಉಳಿದ ನಾಲ್ಕೂ ನಿಲ್ಲಲಾರವು. ಆ ನಿಷ್ಠೆಯು ಓದುಗರಲ್ಲಿ ಉಂಟೆಂದು ನಂಬಿ, ಮಿಕ್ಕ ನಾಲ್ಕನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇವೆ.

ಸದಾಚಾರ: ಕೊಡತಕ್ಕುದನ್ನು ಕೊಡುವುದು

ಸದಾಚಾರವೆಂದರೆ ಸತ್ಯಶುದ್ಧವಾದ ಕಾಯಕದಿಂದ ಜೀವಿಸುವುದು. ಪಡೆದುದಕ್ಕೆ ಬೆಲೆ ಕೊಡುವುದು ಅದರ ಒಂದು ಅಂಗ. ವಿದ್ಯುತ್ತು ಆಕಾಶದಿಂದ ಉದುರುವ ವಸ್ತುವಲ್ಲ. ಶರಾವತಿಯ ನೀರನ್ನು ಲಿಂಗನಮಕ್ಕಿಯಲ್ಲಿ ಕಟ್ಟಿ ನಿಲ್ಲಿಸಬೇಕು, ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲನ್ನು ಉರಿಸಬೇಕು, ಮಳೆಗಾಳಿಯ ರಾತ್ರಿಯಲ್ಲಿ ಯಾರೋ ಒಬ್ಬ ಕಂಬ ಹತ್ತಿ ಹರಿದ ತಂತಿಯನ್ನು ಜೋಡಿಸಬೇಕು. ಆ ಕಂಬ ಹತ್ತಿದವನದೂ ಕಾಯಕವೇ, ಅವನ ಮನೆಯಲ್ಲಿಯೂ ಒಲೆ ಉರಿಯಬೇಕು. ಆದುದರಿಂದ ಬಡತನವನ್ನು ಮುಂದುಮಾಡಿ ಮೀಟರಿನ ಹಿಂದಿನಿಂದ ತಂತಿ ಎಳೆಯುವುದು ಸದಾಚಾರಕ್ಕೆ ಹೊರಗು. 2003 ರ ವಿದ್ಯುಚ್ಛಕ್ತಿ ಅಧಿನಿಯಮದ 135 ನೆಯ ಪ್ರಕರಣವು ವಿದ್ಯುತ್ ಕಳವನ್ನು ಮೂರು ವರ್ಷಗಳವರೆಗೆ ಕಾರಾಗೃಹವಾಸ ವಿಧಿಸಬಹುದಾದ ಅಪರಾಧವೆಂದು ಹೇಳುತ್ತದೆ. ಆದರೆ ಶಿಕ್ಷೆಯ ಭಯದಿಂದಲೇ ಕಳವು ಬಿಟ್ಟರೆ ಅದು ಸದಾಚಾರವಾಗದು.

ಇಷ್ಟನ್ನು ಮೊದಲು ಹೇಳಿದುದಕ್ಕೆ ಕಾರಣವುಂಟು. ಬಡವರಿಗೆ ಸಮಯ ಕೊಡಬೇಕೆಂದ ಕೂಡಲೆ, ಇದು ಸೋಮಾರಿತನಕ್ಕೆ ಹಾಸಿಗೆ ಹಾಸಿದಂತೆ, ಕಾಯಕತತ್ವಕ್ಕೆ ವಿರುದ್ಧ ಎನ್ನುವವರಿದ್ದಾರೆ. ಅವರ ಆಕ್ಷೇಪವನ್ನು ತಳ್ಳಿಹಾಕದೆ ಉತ್ತರಿಸಬೇಕು. ಬಾಕಿ ಉಳಿಸಿಕೊಂಡವರಲ್ಲಿ ಮೂರು ತೆರನವರುಂಟು: ಕೊಡಲು ಮರೆತವನು, ಕೊಡಲೊಲ್ಲದವನು, ಕೊಡಲಾರದವನು. ಮರೆತವನಿಗೆ ಒಂದು ನೆನಪಿನ ಮಾತು ಸಾಕು. ಕೊಡಲೊಲ್ಲದವನಿಗೆ, ಅಂದರೆ ಕೈಯಲ್ಲಿ ಹಣವಿದ್ದೂ ಸಮಾಜದ ಹೆಗಲ ಮೇಲೆ ಭಾರ ಹಾಕುವವನಿಗೆ, ನಿಯಮದ ಬಿಗಿ ಬೇಕು. ಕೊಡಲಾರದವನಿಗೆ ನೆನಪಿನಿಂದ ಪ್ರಯೋಜನವಿಲ್ಲ, ಬಿಗಿಯಿಂದಲೂ ಇಲ್ಲ. ಅವನಿಗೆ ಬೇಕಾದುದು ಸಮಯ ಮತ್ತು ದಾರಿ. ಮೂವರನ್ನೂ ಒಂದೇ ಕತ್ತರಿಯಿಂದ ಕತ್ತರಿಸುವ ವ್ಯವಸ್ಥೆಯು ನೋಡಲು ನಿಷ್ಪಕ್ಷಪಾತವಾಗಿ ಕಂಡರೂ ವಿವೇಕವುಳ್ಳದ್ದಲ್ಲ.

ನುಲಿಯ ಚಂದಯ್ಯನ ಚರಿತ್ರೆಯು ಇಲ್ಲಿ ಸ್ಮರಣೀಯ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಅದನ್ನು ಮಾರಿ ಬಂದ ಹಣದಿಂದ ಜಂಗಮದಾಸೋಹ ನಡೆಸುತ್ತಿದ್ದ ಶರಣನಾತ. ಒಮ್ಮೆ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿಬಿದ್ದರೂ ಆತ ಕಾಯಕವನ್ನು ನಿಲ್ಲಿಸಲಿಲ್ಲವೆಂದೂ, ಲಿಂಗವೇ ಆತನನ್ನು ಹಿಂಬಾಲಿಸಿತೆಂದೂ, ಮಡಿವಾಳ ಮಾಚಯ್ಯನು ನಡುವೆ ಬಂದು ತಿಳಿಹೇಳಿದನೆಂದೂ ಪ್ರತೀತಿ. ಕಾಯಕದ ಹಿರಿಮೆಯನ್ನು ಸಾರಲು ಈ ಕಥೆಯನ್ನು ಹೇಳುತ್ತೇವಷ್ಟೆ. ಅದರಲ್ಲಿ ಅಡಗಿರುವ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹಗ್ಗದ ಕಾಯಕದವನಿಗೆ ತಿಂಗಳ ಸಂಬಳವಿಲ್ಲ. ಹುಲ್ಲು ಬೆಳೆದರೆ ಹಗ್ಗ, ಹಗ್ಗ ಮಾರಿದರೆ ಹಣ. ಮಳೆ ಹಿಡಿದ ವಾರದಲ್ಲಿ ಸಂತೆಯೇ ನೆರೆಯದಿದ್ದರೆ, ಕಾಯಕನಿಷ್ಠೆಯಲ್ಲಿ ಎಳ್ಳಷ್ಟೂ ಕೊರತೆಯಿಲ್ಲದವನ ಕೈಯೂ ಬರಿದಾಗುತ್ತದೆ. ಕೈ ಬರಿದಾದುದನ್ನೇ ಕಂಡು ಇವನು ಸೋಮಾರಿ ಎನ್ನುವುದು ಅವಿಚಾರ.

ಶಿವಾಚಾರ: ಸಮಾನತೆಯ ನಿಜವಾದ ಅರ್ಥ

ಶಿವಭಕ್ತರೆಲ್ಲರನ್ನೂ ಸಮಾನರೆಂದು ಕಾಣುವುದು ಶಿವಾಚಾರ. ಹಾಗಾದರೆ ಎಲ್ಲರಿಗೂ ಒಂದೇ ದಿನಾಂಕ, ಒಂದೇ ನಿಯಮ ಇದ್ದರೆ ಅದೇ ಸಮಾನತೆಯಲ್ಲವೆ? ಅಲ್ಲ. ಕಚೇರಿಯ ನೌಕರನಿಗೆ ತಿಂಗಳ ಮೊದಲ ದಿನವೇ ಸಂಬಳ ಬರುತ್ತದೆ. ಕೂಲಿಯವನಿಗೆ ವಾರದ ಕೊನೆಯಲ್ಲಿ, ಅದೂ ಕೆಲಸ ಸಿಕ್ಕಿದ ವಾರದಲ್ಲಿ. ತುಂಡು ಹೊಲದ ಒಕ್ಕಲಿಗನಿಗೆ ವರ್ಷಕ್ಕೆ ಒಂದೋ ಎರಡೋ ಸಲ. ಒಂದೇ ದಿನಾಂಕವು ಮೊದಲನೆಯವನಿಗೆ ಹಗುರ, ಎರಡನೆಯವನಿಗೆ ಅದೃಷ್ಟದ ಮಾತು, ಮೂರನೆಯವನಿಗೆ ಅಸಾಧ್ಯ. ದಾಸೋಹದ ಪಂಕ್ತಿಯಲ್ಲಿ ಮಗುವಿಗೂ ಮಲ್ಲನಿಗೂ ಒಂದೇ ಅಳತೆಯ ಅನ್ನ ಬಡಿಸುವುದಿಲ್ಲ. ಆದರೂ ಪಂಕ್ತಿಯಲ್ಲಿ ಭೇದವಿಲ್ಲ. ಶಿವಾಚಾರದ ಸಮಾನತೆಯು ಇಂತಹದು.

ಈ ವಿವೇಕವನ್ನು ಲೋಕದ ಹಲವು ಕಡೆ ಬೇರೆಬೇರೆ ರೂಪದಲ್ಲಿ ಆಚರಣೆಗೆ ತಂದಿದ್ದಾರೆ. ಅಮೆರಿಕೆಯ ಅನೇಕ ವಿದ್ಯುತ್ ಮತ್ತು ಅನಿಲ ಕಂಪನಿಗಳು ವರ್ಷದ ಒಟ್ಟು ವೆಚ್ಚವನ್ನು ಅಂದಾಜು ಮಾಡಿ ಹನ್ನೆರಡು ಸಮಪಾಲು ಮಾಡುತ್ತವೆ. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ತಗಲುವ ದೊಡ್ಡ ಮೊತ್ತವು ಒಂದೇ ತಿಂಗಳಲ್ಲಿ ಮೇಲೆ ಬೀಳುವುದಿಲ್ಲ. ಅಲ್ಲಿಯ ಓಹಾಯೋ ರಾಜ್ಯದಲ್ಲಿ 1983 ರಿಂದ ಕಡಿಮೆ ವರಮಾನದ ಕುಟುಂಬಗಳು ಬಳಕೆಯ ಪೂರ್ಣ ಬೆಲೆಯ ಬದಲು ತಮ್ಮ ವರಮಾನದ ಒಂದು ನಿಶ್ಚಿತ ಪಾಲನ್ನು ಕಟ್ಟುವ ಏರ್ಪಾಡು ಬಂದಿತು. ಫಿಲಡೆಲ್ಫಿಯಾ ನಗರವು 2017 ರಲ್ಲಿ ನೀರಿನ ಬಿಲ್ಲಿಗೂ ಇದೇ ತತ್ವವನ್ನು ಅನ್ವಯಿಸಿತು. ಬಡ ಕುಟುಂಬವು ವರಮಾನದ ಶೇಕಡಾ 2 ರಿಂದ 4 ರವರೆಗೆ ಕಟ್ಟಿದರೆ ಸಾಕು. ಹೀಗೆ ತಪ್ಪದೆ ಕಟ್ಟುತ್ತ ಬಂದವರ ಹಳೆಯ ಬಾಕಿಯನ್ನು ಮಾಫಿ ಮಾಡುವ ದಾರಿಯನ್ನೂ ಮುಂದೆ ತೆರೆಯಿತು. ದಕ್ಷಿಣ ಆಫ್ರಿಕವು 2001 ರಿಂದ ಮನೆಯೊಂದಕ್ಕೆ ತಿಂಗಳಿಗೆ 6,000 ಲೀಟರು ನೀರನ್ನು ಉಚಿತ ಮೂಲ ಪ್ರಮಾಣವೆಂದು ಗೊತ್ತುಪಡಿಸಿತು. ಬ್ರಿಟನ್ನಿನಲ್ಲಿ 1999 ರ ಕಾಯಿದೆಯು, ಬಾಕಿಯ ಕಾರಣದಿಂದ ವಾಸದ ಮನೆಯ ನೀರನ್ನು ಕಡಿಯುವುದನ್ನೇ ನಿಷೇಧಿಸಿತು. ಅಲ್ಲಿ ಬಾಕಿಯನ್ನು ಬೇರೆ ಮಾರ್ಗದಿಂದ ವಸೂಲು ಮಾಡಬಹುದು, ಆದರೆ ಮಗುವಿನ ಬಾಯಿಯಿಂದ ನೀರನ್ನು ಕಿತ್ತುಕೊಳ್ಳಕೂಡದು.

ನಮ್ಮ ನಾಡಿನಲ್ಲಿಯೂ ಈ ಚಿಂತನೆ ಹೊಸದಲ್ಲ. ಭಾಗ್ಯಜ್ಯೋತಿ, ಕುಟೀರಜ್ಯೋತಿ ಯೋಜನೆಗಳು ಬಡವರ ಗುಡಿಸಲಿಗೆ ದೀಪ ತಂದವು. 2023 ರಲ್ಲಿ ಕರ್ನಾಟಕ ಸರ್ಕಾರವು ಗೃಹಜ್ಯೋತಿಯನ್ನು ಆರಂಭಿಸಿತು. ಆರಂಭದ ನಿಯಮದಂತೆ 2022-23 ನೆಯ ಸಾಲಿನ ಸರಾಸರಿ ಬಳಕೆಗೆ ಶೇಕಡಾ 10 ನ್ನು ಕೂಡಿಸಿ, 200 ಯೂನಿಟ್ಟುಗಳ ಮಿತಿಯೊಳಗೆ ವಾಸದ ಮನೆಗೆ ಶುಲ್ಕವಿಲ್ಲ. ತನ್ನ ಪಾಲನ್ನು ಮೀರಿದರೆ ಮೀರಿದಷ್ಟಕ್ಕೆ ಕಟ್ಟಬೇಕು, 200 ನ್ನೇ ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಆದರೆ ಹಿಂದಿನ ಬಾಕಿಯು ಇದರಿಂದ ಅಳಿದುಹೋಗಲಿಲ್ಲ. 2023 ರ ಜೂನ್ ಕೊನೆಯವರೆಗಿನ ಬಾಕಿಯನ್ನು ತೀರಿಸಲು ಮೂರು ತಿಂಗಳ ಅವಕಾಶವನ್ನು ಮಾತ್ರ ಕೊಡಲಾಯಿತು. ಮೇಲಾಗಿ, ಈ ಸೌಲಭ್ಯವು ವಾಸದ ಮನೆಗೆ ಸೀಮಿತ. ಹೊಲಿಗೆಯ ಅಂಗಡಿ, ಚಹದ ಗೂಡು, ಇಸ್ತ್ರಿಯ ಮಳಿಗೆ ಇವುಗಳ ಬಿಲ್ಲು ಹಾಗೆಯೇ ಉಳಿಯಿತು. ಆದುದರಿಂದ ಬಾಕಿಯ ಪ್ರಶ್ನೆ ತೀರಿತೆಂದು ತಿಳಿಯುವುದು ತಪ್ಪು.

ಕಂತಿನ ಲೆಕ್ಕ

ಇಲ್ಲಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಹೊಲಿಗೆಯವನ ಅಂಗಡಿಯ ಬಾಕಿ 2,400 ರೂಪಾಯಿಗೆ ಏರಿದೆ. ಹೆಂಡತಿಯ ಕಾಯಿಲೆಯಲ್ಲಿ ನಾಲ್ಕು ತಿಂಗಳು ಕಟ್ಟಲಾಗಲಿಲ್ಲ. ಇಡೀ ಮೊತ್ತವನ್ನು ಒಮ್ಮೆಗೇ ಕಟ್ಟು, ಇಲ್ಲವಾದರೆ ತಂತಿ ಕಡಿಯುತ್ತೇವೆ ಎಂದರೆ ಅವನು ಓಡುವುದು ಬಡ್ಡಿ ವ್ಯಾಪಾರಿಯ ಬಾಗಿಲಿಗೆ. ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ ಬಡ್ಡಿ, ತಿಂಗಳಿಗೆ 200 ರೂಪಾಯಿಯಂತೆ ಅಸಲು ತೀರಿಸುತ್ತ ಹೋದರೆ, ಹನ್ನೆರಡು ತಿಂಗಳಲ್ಲಿ ಅವನು ಕೊಡುವ ಬಡ್ಡಿ 468 ರೂಪಾಯಿ. ಅದೇ ಹನ್ನೆರಡು ಕಂತುಗಳನ್ನು ವಿದ್ಯುತ್ ಕಂಪನಿಯೇ ಒಪ್ಪಿಕೊಂಡರೆ? ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿಯಲ್ಲಿ ವಿಳಂಬ ಪಾವತಿಯ ಬಡ್ಡಿಯನ್ನು ತಿಂಗಳಿಗೆ ಶೇಕಡಾ 1 ರಂತೆ ಇರಿಸಲಾಗಿದೆ. ಮೊದಲ ತಿಂಗಳು 24 ರೂಪಾಯಿ, ಮುಂದಿನ ತಿಂಗಳು 22, ಹೀಗೆ ಇಳಿಯುತ್ತ ಬಂದು ಒಟ್ಟು 156 ರೂಪಾಯಿ. ಅಂತರವು 312 ರೂಪಾಯಿ. ದೊಡ್ಡವರಿಗೆ ಇದು ಒಂದು ಹೊತ್ತಿನ ಖರ್ಚಾಗಬಹುದು. ಹೊಲಿಗೆಯವನಿಗೆ ಅದು ಮಕ್ಕಳ ಪುಸ್ತಕ, ಮನೆಯ ಎಣ್ಣೆ.

ಕಂಪನಿಗೆ ಇದರಿಂದ ನಷ್ಟವೇ? ಅಲ್ಲವೆಂದೇ ಹೇಳಬೇಕು. ತಂತಿ ಕಡಿದರೆ ಹೊಲಿಗೆಯ ಯಂತ್ರ ನಿಲ್ಲುತ್ತದೆ, ಯಂತ್ರ ನಿಂತರೆ ಗಳಿಕೆ ನಿಲ್ಲುತ್ತದೆ, ಗಳಿಕೆ ನಿಂತವನಿಂದ ಹಳೆಯ ಬಾಕಿಯೂ ಬಾರದು, ಹೊಸ ಬಿಲ್ಲಿನ ಹಣವೂ ಬಾರದು. ಹಸುವಿನ ಹಾಲನ್ನು ಬಯಸುವವನು ಹುಲ್ಲಿನ ಮೆದೆಗೆ ಬೆಂಕಿಯಿಡಬಾರದು. ಕಂತು ಎಂಬುದು ಮಾಫಿಯಲ್ಲ. ಅದರಲ್ಲಿ ಅಸಲಿನ ಒಂದು ಕಾಸೂ ಬಿಟ್ಟುಹೋಗುವುದಿಲ್ಲ. ಸಾಲಗಾರನ ಕಾಯಕವನ್ನು ಜೀವಂತವಾಗಿ ಉಳಿಸಿ, ಆ ಕಾಯಕದಿಂದಲೇ ಸಾಲವನ್ನು ತೀರಿಸಿಕೊಳ್ಳುವ ಉಪಾಯವದು. ಹೀಗೆ ನೋಡಿದರೆ ಕಂತಿನ ಸೌಲಭ್ಯವು ಕಾಯಕತತ್ವಕ್ಕೆ ವಿರುದ್ಧವಲ್ಲ, ಅದರ ರಕ್ಷಣೆಯೇ ಆಗಿದೆ.

ಆದರೆ ಸಡಿಲಿಕೆಗೂ ಲೆಕ್ಕ ಬೇಕು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದುದು ಸರ್ವವಿದಿತ. ಭಂಡಾರದ ಹಣವನ್ನು ಜಂಗಮರಿಗೆ ಹಂಚುತ್ತಿದ್ದಾರೆಂದು ಹಗೆಗಳು ದೂರಿದಾಗ, ಲೆಕ್ಕ ನೋಡಿದರೆ ಎಲ್ಲವೂ ಸರಿಯಾಗಿತ್ತೆಂದು ಪುರಾಣಗಳು ಹೇಳುತ್ತವೆ. ಕರುಣೆಯಿದ್ದ ಕಡೆ ಕಡತ ಅಚ್ಚುಕಟ್ಟಾಗಿರಬೇಕೆಂಬುದು ಅದರ ತಾತ್ಪರ್ಯ. ವಿದ್ಯುಚ್ಛಕ್ತಿ ಅಧಿನಿಯಮದ 65 ನೆಯ ಪ್ರಕರಣದಲ್ಲಿ ಈ ನೀತಿಯೇ ಇದೆ. ಸರ್ಕಾರವು ಯಾವುದೇ ವರ್ಗದ ಗ್ರಾಹಕರಿಗೆ ರಿಯಾಯಿತಿ ಕೊಡಬಯಸಿದರೆ ಆ ಮೊತ್ತವನ್ನು ಮುಂಗಡವಾಗಿ ಕಂಪನಿಗೆ ತುಂಬಿಕೊಡಬೇಕು. ತಾನು ದಾನಿಯೆನಿಸಿಕೊಂಡು ಭಾರವನ್ನು ಇನ್ನೊಬ್ಬರ ತಲೆಯ ಮೇಲೆ ಹೊರಿಸುವುದು ದಾನವಲ್ಲ.

ಗಣಾಚಾರ: ಅನ್ಯಾಯವನ್ನು ಸಹಿಸದಿರುವುದು

ಗಣಾಚಾರವೆಂದರೆ ಕತ್ತಿ ಹಿರಿಯುವುದೆಂದು ಕೆಲವರು ತಪ್ಪು ತಿಳಿದಿದ್ದಾರೆ. ಶರಣಸಮೂಹದಲ್ಲಿ ಒಬ್ಬನಿಗೆ ಅನ್ಯಾಯವಾದಾಗ ಉಳಿದವರು ಸುಮ್ಮನಿರದೆ ಧರ್ಮಸಮ್ಮತವಾಗಿ ನಿಲ್ಲುವುದೇ ಗಣಾಚಾರ. ಇಂದಿನ ಕಾಲದಲ್ಲಿ ಅದರ ಆಯುಧವು ಕಾನೂನಿನ ತಿಳಿವಳಿಕೆ. ಓದು ಬಲ್ಲ ಪ್ರತಿಯೊಬ್ಬ ಗೃಹಸ್ಥನೂ ಈ ಕೆಳಗಿನ ಸಂಗತಿಗಳನ್ನು ಅರಿತು, ಓದು ಬಾರದ ನೆರೆಯವನಿಗೆ ತಿಳಿಸಬೇಕು.

ಮೊದಲನೆಯದಾಗಿ, 2003 ರ ಅಧಿನಿಯಮದ 56 ನೆಯ ಪ್ರಕರಣದಂತೆ, ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು ಪೂರ್ಣ 15 ದಿನಗಳ ಅವಧಿಯ ಲಿಖಿತ ನೋಟೀಸನ್ನು ಕೊಡಬೇಕು. ಬಾಯಿಮಾತಿನ ಬೆದರಿಕೆಯು ನೋಟೀಸಲ್ಲ.

ಎರಡನೆಯದಾಗಿ, ಬಿಲ್ಲೇ ತಪ್ಪಾಗಿದೆಯೆಂಬ ವಿವಾದವಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಮೇಲೆ ಲೆಕ್ಕ ಹಾಕಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆಯೊಡನೆ ಕಟ್ಟಬಹುದು. ಹಾಗೆ ಕಟ್ಟಿದರೆ ವಿವಾದ ಇತ್ಯರ್ಥವಾಗುವವರೆಗೆ ಸಂಪರ್ಕವನ್ನು ಕಡಿಯುವಂತಿಲ್ಲ. 2020 ರ ಲಾಕ್‌ಡೌನ್ ಕಾಲದಲ್ಲಿ ಮೀಟರು ಓದುವವರು ಮನೆಗೆ ಬರಲಾಗದೆ ಸರಾಸರಿಯ ಬಿಲ್ಲುಗಳು ಬಂದು, ಅನಂತರ ಕೂಡುಬಿಲ್ಲುಗಳು ಬಂದಾಗ ಎಷ್ಟೋ ಮನೆಗಳಲ್ಲಿ ಗೊಂದಲವುಂಟಾಯಿತು. ಅಂತಹ ಹೊತ್ತಿನಲ್ಲಿ ಈ ನಿಯಮವನ್ನು ಬಲ್ಲವನು ಹೆದರಬೇಕಾಗಿಲ್ಲ.

ಮೂರನೆಯದಾಗಿ, ಕಚೇರಿಯಲ್ಲಿ ನ್ಯಾಯ ಸಿಕ್ಕದಿದ್ದರೆ 42 ನೆಯ ಪ್ರಕರಣದಡಿ ಪ್ರತಿ ವಿತರಣಾ ಕಂಪನಿಯೂ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯನ್ನು ಇರಿಸಿರಬೇಕು. ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ತುರ್ತು ದೂರುಗಳಿಗೆ 1912 ಎಂಬ ದೂರವಾಣಿ ಸಂಖ್ಯೆಯಿದೆ.

ನಾಲ್ಕನೆಯದಾಗಿ, ಹಣ ಹೊಂದದೆಂದು ತಿಳಿದ ದಿನವೇ, ಕೊನೆಯ ದಿನಾಂಕಕ್ಕೆ ಮುಂಚೆಯೇ, ಉಪವಿಭಾಗದ ಕಚೇರಿಗೆ ಹೋಗಿ ಕಂತಿಗಾಗಿ ಲಿಖಿತ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ಬಾಕಿಯ ಮೊತ್ತ, ಕಷ್ಟದ ಕಾರಣ, ತಿಂಗಳಿಗೆ ಎಷ್ಟು ಕಟ್ಟಬಲ್ಲೆನೆಂಬ ಮಾತು ಸ್ಪಷ್ಟವಾಗಿರಲಿ. ಅರ್ಜಿಯ ಜೊತೆಯಲ್ಲಿ ಅಲ್ಪವಾದರೂ ಒಂದು ಭಾಗವನ್ನು ಕಟ್ಟಿ ರಸೀತಿ ಪಡೆಯುವುದು ಮೇಲು. ಅದು ಕೊಡುವ ಮನಸ್ಸಿಗೆ ಸಾಕ್ಷಿ. ಕೊಡಲಾಗದಷ್ಟನ್ನು ಕೊಡುವೆನೆಂದು ಬರೆದುಕೊಡಬಾರದು. ಮಾತು ತಪ್ಪಿದ ಕಂತು ಮೊದಲ ಬಾಕಿಗಿಂತ ಹೆಚ್ಚು ಅವಮಾನಕ್ಕೆ ಕಾರಣವಾಗುತ್ತದೆ.

ಕೇಳಲು ನಾಚಿಕೆ ಎನ್ನುವವರಿದ್ದಾರೆ. ಮರ್ಯಾದಸ್ಥ ಮನೆತನದವರಲ್ಲಿ ಈ ನಾಚಿಕೆ ಹೆಚ್ಚು. ಕಳವಿಗೆ ನಾಚಬೇಕು, ಸುಳ್ಳಿಗೆ ನಾಚಬೇಕು. ಕೊಡುವುದನ್ನು ಕೊಡುತ್ತೇನೆ, ಸಮಯ ಕೊಡಿ ಎಂದು ನೇರವಾಗಿ ನಿಂತು ಕೇಳುವುದರಲ್ಲಿ ನಾಚಿಕೆಗೆ ಎಡೆಯೆಲ್ಲಿ? ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು, ಕತ್ತಲೆಯಲ್ಲಿ ಮಕ್ಕಳನ್ನು ಕೂರಿಸುವ ಮನೆಯ ಯಜಮಾನನು ತನ್ನ ಮಾನವನ್ನು ಕಾಯುತ್ತಿಲ್ಲ, ತನ್ನ ಅಹಂಕಾರವನ್ನು ಕಾಯುತ್ತಿದ್ದಾನೆ.

ಮುಂಗಡ ಪಾವತಿಯ ಮೀಟರಿನ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. 2020 ರ ಡಿಸೆಂಬರಿನಲ್ಲಿ ಹೊರಬಿದ್ದ ಕೇಂದ್ರದ ಗ್ರಾಹಕರ ಹಕ್ಕುಗಳ ನಿಯಮಗಳು ಇಂತಹ ಮೀಟರುಗಳ ಕಡೆಗೆ ಒಲವು ತೋರಿವೆ. ಮೊದಲು ಹಣ, ಆಮೇಲೆ ಬೆಳಕು ಎಂಬುದು ಇದರ ಕ್ರಮ. ಬಾಕಿಯೇ ಬೆಳೆಯದೆಂಬುದು ಇದರ ಗುಣ, ಭದ್ರತಾ ಠೇವಣಿಯ ಹೊರೆಯೂ ಇಲ್ಲ. ಆದರೆ ಹಣ ತೀರಿದ ಮನೆಯು ಕತ್ತಲಾದುದು ಯಾರ ಲೆಕ್ಕಕ್ಕೂ ಬಾರದೆ ಹೋಗಬಹುದು. ಬ್ರಿಟನ್ನಿನಲ್ಲಿ ಬಡವರ ಮನೆಗಳಿಗೆ ಇಂತಹ ಮೀಟರನ್ನು ಬಲವಂತವಾಗಿ ಹಾಕಿದುದು ದೊಡ್ಡ ವಿವಾದವಾಗಿ, 2023 ರ ಫೆಬ್ರವರಿಯಲ್ಲಿ ಅದನ್ನು ತಡೆಹಿಡಿಯಲಾಯಿತು. ಅನಂತರ ತೀರ ವಯಸ್ಸಾದವರ ಮನೆಗೆ ಬಲವಂತವಾಗಿ ಹಾಕಕೂಡದೆಂಬ ನಿಯಮವೂ ಬಂದಿತು. ಯಂತ್ರಕ್ಕೆ ಮುದುಕಿಯ ಮುಖ ಕಾಣದು. ಆದುದರಿಂದ ಯಂತ್ರದ ಹಿಂದೆ ಮುಖ ನೋಡುವ ಮನುಷ್ಯನೊಬ್ಬನಿರಬೇಕು.

ಭೃತ್ಯಾಚಾರ: ಕೊಡುವವನ ವಿನಯ

ಭೃತ್ಯಾಚಾರವು ತಾನು ಎಲ್ಲರಿಗೂ ಕಿರಿಯನೆಂಬ ಭಾವ. ಬಾಕಿಯ ವಿಷಯದಲ್ಲಿ ಇದು ಉಳ್ಳವರಿಗೆ ಹೇಳಿದ ಪಾಠ. ಈ ಪತ್ರಿಕೆಯ ಓದುಗರಲ್ಲಿ ಬಾಡಿಗೆಯ ಮನೆಗಳ ಒಡೆಯರು ಅನೇಕರಿದ್ದಾರೆ. ಅವರು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಬೇಕು. ಒಂದೇ ಮೀಟರಿನ ಮೇಲೆ ಮೂರು ಬಾಡಿಗೆಯ ಸಂಸಾರಗಳನ್ನು ಇರಿಸಿದ್ದೇವೆಂದು ಇಟ್ಟುಕೊಳ್ಳಿ. ಪ್ರತಿಯೊಂದರ ಬಳಕೆ ತಿಂಗಳಿಗೆ 80 ಯೂನಿಟ್ಟು. ಬೇರೆಬೇರೆ ಮೀಟರುಗಳಿದ್ದರೆ ಮೂರೂ 200 ರ ಒಳಗೆ ಇರುತ್ತಿದ್ದವು. ಒಂದೇ ಮೀಟರಿನಲ್ಲಿ ಅವು ಕೂಡಿ 240 ಆಗುತ್ತವೆ. ಮಿತಿ ದಾಟಿತು, ಪೂರ್ತಿ ಬಿಲ್ಲು ಬಂದಿತು. ಬಡವನಿಗೆ ಸಲ್ಲಬೇಕಾದ ಸೌಲಭ್ಯವು ಒಡೆಯನ ಅಲಕ್ಷ್ಯದಿಂದ ಸೋರಿಹೋಯಿತು. ಅದರ ಮೇಲೆ ಯೂನಿಟ್ಟಿಗೆ ಕಂಪನಿಯ ದರಕ್ಕಿಂತ ಹೆಚ್ಚು ವಸೂಲು ಮಾಡುವವರೂ, ಬಾಡಿಗೆ ತಡವಾದರೆ ಫ್ಯೂಜು ಕೀಳುವವರೂ ಉಂಟೆಂದು ಕೇಳಿದ್ದೇವೆ. ಅಂಥವರು ನಿತ್ಯ ಲಿಂಗಪೂಜೆ ಮಾಡಿದರೂ ಅವರ ಮನೆಯ ದೀಪದಲ್ಲಿ ಬೆಳಕಿಲ್ಲವೆಂದೇ ಹೇಳಬೇಕಾಗುತ್ತದೆ.

ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಶರಣ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅವನ ಸತಿ ಲಕ್ಕಮ್ಮನು ಅದನ್ನು ಮೆಚ್ಚಲಿಲ್ಲ. ಅಗತ್ಯಕ್ಕೆ ಮೀರಿದುದನ್ನು ಇದ್ದಲ್ಲಿಗೇ ಹಿಂದಿರುಗಿಸಿ ಬಾ ಎಂದು ಕಳುಹಿಸಿದಳು. ಹಿಡಿ ಅಕ್ಕಿಯಲ್ಲಿಯೂ ಆಸೆಯ ಗಡಿಯನ್ನು ಕಂಡ ತಾಯಿ ಆಕೆ. ಬಾಡಿಗೆದಾರನಿಂದ ಯೂನಿಟ್ಟಿಗೆ ಒಂದು ರೂಪಾಯಿ ಹೆಚ್ಚು ಪಡೆದ ಮನೆಗೆ ಲಕ್ಕಮ್ಮನು ಬಂದರೆ ಏನೆಂದಾಳು ಎಂಬುದನ್ನು ಆ ಮನೆಯವರೇ ಊಹಿಸಿಕೊಳ್ಳಲಿ.

ಊರಿನ ಸದ್ಭಕ್ತರು ಕೂಡಿ ಮಾಡಬಹುದಾದ ಒಂದು ಕಾರ್ಯವೂ ಉಂಟು. ಅಮೆರಿಕೆಯಲ್ಲಿ ಬಡ ಕುಟುಂಬಗಳ ಇಂಧನದ ಬಿಲ್ಲಿಗೆ ನೆರವಾಗಲು 1981 ರಲ್ಲಿ ಕೇಂದ್ರ ಸರ್ಕಾರವೇ ಒಂದು ನಿಧಿಯನ್ನು ಏರ್ಪಡಿಸಿತು. ನಮಗೆ ಅಷ್ಟು ದೊಡ್ಡದು ಬೇಡ. ಮಠದ ದಾಸೋಹದ ಹುಂಡಿಯ ಪಕ್ಕದಲ್ಲಿ ಒಂದು ಚಿಕ್ಕ ದೀಪನಿಧಿಯನ್ನು ಇರಿಸಿ, ಮನೆಗೆ ತಿಂಗಳಿಗೆ 20 ರೂಪಾಯಿಯಂತೆ 50 ಮನೆಗಳವರು ಹಾಕಿದರೆ ತಿಂಗಳಿಗೆ 1,000 ರೂಪಾಯಿ, ವರ್ಷಕ್ಕೆ 12,000 ರೂಪಾಯಿ ಆಗುತ್ತದೆ. ತಂತಿ ಕಡಿಯುವ ನೋಟೀಸು ಬಂದ ಮನೆಗೆ ಅದರಿಂದ ಬಡ್ಡಿಯಿಲ್ಲದ ಕಡ ಕೊಡಬಹುದು. ತೀರಿಸಲು ತಕ್ಕ ಅವಧಿಯಿರಲಿ, ಲೆಕ್ಕ ಬರೆದಿರಲಿ, ಪಡೆದವನ ಹೆಸರನ್ನು ಮಾತ್ರ ಸಭೆಯಲ್ಲಿ ಓದಬಾರದು. ದಾಸೋಹದಲ್ಲಿ ಕೊಡುವವನೇ ದಾಸ. ಪಡೆದವನು ತಲೆ ತಗ್ಗಿಸುವಂತೆ ಕೊಟ್ಟರೆ ಅದು ಭಿಕ್ಷೆಯಾಗುತ್ತದೆ, ದಾಸೋಹವಾಗದು.

ಕಚೇರಿಯಲ್ಲಿ ಕುಳಿತ ಅಧಿಕಾರಿಯು ಭಕ್ತನಾಗಿದ್ದರೆ ಅವನಿಗೂ ಒಂದು ಮಾತು. ನಿಯಮವನ್ನು ಮುರಿಯಬೇಕಾಗಿಲ್ಲ. ನಿಯಮದೊಳಗೆ ಇರುವ ಅವಕಾಶವನ್ನು ಬಡವನಿಗೆ ಬಾಯಿಬಿಟ್ಟು ತಿಳಿಸಿದರೆ ಸಾಕು. ಕಂತಿನ ಅರ್ಜಿಯನ್ನು ಹೇಗೆ ಬರೆಯಬೇಕೆಂದು ಹೇಳುವ ಎರಡು ನಿಮಿಷಗಳು ಅವನ ಕಾಯಕದ ಅತ್ಯಂತ ಶುದ್ಧವಾದ ಭಾಗವಾಗಬಲ್ಲವು. ಹಾಗೆಯೇ ತಂತಿ ಕಡಿಯಲು ಬಂದ ನೌಕರನನ್ನು ಬೈಯುವುದು ಕೂಡದು. ಅವನು ಅಪ್ಪಣೆಯನ್ನು ಹೊತ್ತು ಬಂದವನು. ನೋಟೀಸು ಎಲ್ಲಿದೆಯೆಂದು ಶಾಂತವಾಗಿ ಕೇಳಿ, ಅವನಿಗೆ ಒಂದು ಲೋಟ ನೀರು ಕೊಟ್ಟು, ಕಚೇರಿಯ ದಾರಿ ಹಿಡಿಯುವುದು ಶರಣಮಾರ್ಗ.

ಉಪಸಂಹಾರ

ಇಷ್ಟು ಹೇಳಿದುದರ ಸಾರ ಹೀಗಿದೆ. ಕೊಡತಕ್ಕುದನ್ನು ಕೊಡಬೇಕೆಂಬುದು ಸದಾಚಾರ. ಕೊಡುವ ಶಕ್ತಿಯನ್ನು ನೋಡಿ ಅವಧಿಯನ್ನು ಗೊತ್ತುಮಾಡುವುದು ಶಿವಾಚಾರ. ನೋಟೀಸಿಲ್ಲದೆ, ವಿಚಾರಣೆಯಿಲ್ಲದೆ ದೀಪ ಆರಿಸುವುದನ್ನು ಕಾನೂನಿನ ಬಲದಿಂದ ತಡೆಯುವುದು ಗಣಾಚಾರ. ತನ್ನ ಕೈಯಲ್ಲಿರುವ ಸ್ವಿಚ್ಚನ್ನು ಅಧಿಕಾರವೆಂದು ತಿಳಿಯದೆ ಹೊಣೆಯೆಂದು ತಿಳಿಯುವುದು ಭೃತ್ಯಾಚಾರ. ಈ ನಾಲ್ಕರಲ್ಲಿ ಒಂದನ್ನು ಬಿಟ್ಟರೂ ವ್ಯವಸ್ಥೆ ಕುಂಟುತ್ತದೆ. ಸದಾಚಾರವಿಲ್ಲದ ಕರುಣೆಯು ಭಂಡಾರವನ್ನು ಬರಿದುಮಾಡುತ್ತದೆ, ಕರುಣೆಯಿಲ್ಲದ ವಸೂಲಿಯು ಕಾಯಕಜೀವಿಯನ್ನೇ ಮುಗಿಸುತ್ತದೆ.

ಮುಂದಿನ ಸೋಮವಾರ ಸಂಜೆ ಲಿಂಗಪೂಜೆಯನ್ನು ಮುಗಿಸಿದ ಮೇಲೆ ಓದುಗರು ಒಂದು ಕೆಲಸ ಮಾಡಲಿ. ಅಂಗಳಕ್ಕೆ ಬಂದು ನಿಂತು, ತಮ್ಮ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಲಿ. ಯಾವ ಮನೆಯಲ್ಲಾದರೂ ದೀಪ ಕಾಣದಿದ್ದರೆ, ಆ ಮನೆಯವರು ಊರಿಗೆ ಹೋಗಿರಬಹುದೆಂದು ತಮಗೆ ತಾವೇ ಹೇಳಿಕೊಂಡು ಒಳಗೆ ಬರದಿರಲಿ. ಹೋಗಿ ಬಾಗಿಲು ತಟ್ಟಿ, ಬಿಲ್ಲಿನ ಚೀಟಿಯನ್ನು ಒಟ್ಟಿಗೆ ಕುಳಿತು ಓದಲಿ.